ಜಹೀರಾಳ ಕಾಲಿನ ಮೇಲೆ ಬಂದ ಅಪವಾದ

ಗಾಡಿಯ ವಿಷಯದಲ್ಲಿ ಹೆಂಗಸರು ಬಾಯಿ ಹಾಕಬಾರದು ಎಂದು ನಮ್ಮ ಯರಗುಪ್ಪಿಯಲ್ಲಿ ಯಾವ ಗೋಡೆಯ ಮೇಲೂ ಬರೆದಿಲ್ಲ. ಬರೆಯುವ ಅಗತ್ಯ ಬಿದ್ದಿಲ್ಲ, ಅವರು ತಾವಾಗಿಯೇ ಸುಮ್ಮನಿರುತ್ತಾರೆ. ಜಹೀರಾ ಸುಮ್ಮನಿರಲಿಲ್ಲ. ಅದಕ್ಕೆ ಆಕೆಗೆ ಸಿಕ್ಕ ಮರ್ಯಾದೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮೂರಿನ ಹುಡುಗರನ್ನು ಕುಂದಗೋಳದ ಶಾಲೆಗೆ ಕರೆದೊಯ್ಯುವ ವ್ಯಾನಿನ ಡ್ರೈವರ್ ಜಹೀರಾ. ಗಂಡ ಹಾರೂನ್ ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅವನು ಯಾರಿಂದಲೋ ಕೊಂಡು ತಂದ ಹಳೇ ವ್ಯಾನು ಮನೆ ಮುಂದೆ ಬೇವಿನ ಗಿಡದ ಕೆಳಗೆ ಕೋಳಿ ಮಲಗುವ ಜಾಗವಾಗಿತ್ತು. ಜಹೀರಾ ಹುಬ್ಬಳ್ಳಿಗೆ ಓಡಾಡಿ ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಅದನ್ನು ದುಡಿಮೆಗೆ ಹಚ್ಚಿದಳು. ಬಾಯಿ ಜೋರು. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆದರೂ ಕನ್ನಡಿಯಲ್ಲೇ ನೋಡಿ ಗದರುತ್ತಾಳೆ. ನಾನು ಅದೇ ಶಾಲೆಯ ಟೀಚರು, ದಿನಾ ಆಕೆಯ ಪಕ್ಕದ ಸೀಟಿನಲ್ಲಿ ಕೂತು ಹೋಗುವವಳು. ಹುಡುಗರು ನನಗಿಂತ ಆಕೆಗೇ ಹೆಚ್ಚು ಹೆದರುತ್ತಾರೆ, ಇರಲಿ.

ಮೆಣಸಿನಕಾಯಿ ಬಿಡಿಸುವ ದಿನಗಳು. ಒಂದು ಬೆಳಿಗ್ಗೆ ನಾನು ವ್ಯಾನು ಹತ್ತುತ್ತಲೇ ಜಹೀರಾ ಅಂದಳು, “ಅಕ್ಕೋರ, ಬ್ರೇಕ್ ಪೆಡಲ್ ಮೆತ್ತಗಾಗೇತ್ರಿ. ಒತ್ತಿ ಹಿಡದ್ರ ಹಸಿ ಎರಿ ಮಣ್ಣಾಗ ಕಾಲ ಇಟ್ಟಂಗ ಸಾವಕಾಶ ಕೆಳಗ ಹೊಕ್ಕೈತಿ.”

ಸಂಜೆ ಊರಿನ ಲಕ್ಷ್ಮಪ್ಪ ಮೇಸ್ತ್ರಿಯ ಗ್ಯಾರೇಜಿಗೆ ಹೋದೆವು. ಸುತ್ತಲಿನ ಟ್ರ್ಯಾಕ್ಟರುಗಳೆಲ್ಲ ಅವನ ಕೈಯಲ್ಲೇ ರಿಪೇರಿಯಾಗುತ್ತವೆ. ಅವನ ಮೊಮ್ಮಗಳು ಶೈಲಾ ಇದೇ ವ್ಯಾನಿನಲ್ಲಿ ಶಾಲೆಗೆ ಬರುತ್ತಾಳೆ. ಮೇಸ್ತ್ರಿ ಸೀಟಿನಲ್ಲಿ ಕೂತು ಪೆಡಲನ್ನು ಧಪಧಪ ಎರಡು ಸಲ ತುಳಿದ. ಬ್ರೇಕ್ ಆಯಿಲ್ ಡಬ್ಬಿ ನೋಡಿದ, ತುಂಬಿತ್ತು. ಗಾಲಿಗಳ ಒಳಗೆ ಬೆರಳಾಡಿಸಿದ, ಎಲ್ಲೂ ಸೋರಿರಲಿಲ್ಲ.

“ಅಗದಿ ಬರೋಬ್ಬರಿ ಐತಿ, ಕಲ್ಲ ಇದ್ದಂಗ. ನಿನ್ನ ಕಾಲಿಗೇ ಜೋರಿಲ್ಲವ್ವಾ. ಹೆಣ್ಮಕ್ಕಳ ಕಾಲು, ಅದಾರ ಏನ ಮಾಡೀತು?”

ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದವರು ನಕ್ಕರು. ಅವರಲ್ಲಿ ಜಹೀರಾಳ ಮೈದುನ ಶಾಹಿದನೂ ಇದ್ದ. ಲಾರಿ ಡ್ರೈವರ್. “ಭಾಬಿ, ನೀವು ಸುಮ್ಮ ಹೆದರ್ತೀರಿ” ಎಂದು ವ್ಯಾನು ತೆಗೆದುಕೊಂಡು ಊರು ಸುತ್ತಿ ಬಂದ. ನಾನು ಅವನ ಕಾಲನ್ನೇ ನೋಡುತ್ತಿದ್ದೆ. ಅವನೂ ಪ್ರತಿ ಸಲ ಧಪಧಪ ಎರಡು ಸಲವೇ ತುಳಿದ. ಇವರೆಲ್ಲ ಹಳೇ ಟ್ರ್ಯಾಕ್ಟರು, ಹಳೇ ಲಾರಿ ಓಡಿಸಿ ಕಲಿತವರು. ಎರಡು ಸಲ ತುಳಿಯದಿದ್ದರೆ ಆ ಗಾಡಿಗಳು ನಿಲ್ಲುತ್ತಲೇ ಇರಲಿಲ್ಲ. ಈಗ ಎರಡು ಸಲ ತುಳಿಯುತ್ತೇವೆಂಬುದೇ ಅವರಿಗೆ ಗೊತ್ತಿಲ್ಲ. ಜಹೀರಾ ಕಲಿತ ಡ್ರೈವಿಂಗ್ ಶಾಲೆಯಲ್ಲಿ ಒಮ್ಮೆ ಒತ್ತಿ ಹಿಡಿಯಲು ಹೇಳಿಕೊಟ್ಟಿದ್ದರು. ಆಕೆ ಅದನ್ನು ಹೇಳಿದರೆ ಬೆಂಚಿನವನೊಬ್ಬ, “ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದಿದ್ಲಂತ” ಎಂದ.

ಮುಂದಿನ ನ್ಯಾಯ ಕೇಳಿ. ವ್ಯಾನು ಕೆಟ್ಟಿದೆ ಎಂದು ಹೇಳಿದವಳು ಜಹೀರಾ; ಕೆಟ್ಟವಳೆಂದು ಹೆಸರಾದವಳೂ ಜಹೀರಾ. ಆಕೆಗೆ ಬ್ರೇಕ್ ಒತ್ತಲು ಬರುವುದಿಲ್ಲವಂತೆ ಎಂಬ ಮಾತು ಊರೆಲ್ಲ ಹಬ್ಬಿತು. ಹುಡುಗರ ತಂದೆಯರು ಹಾರೂನನಿಗೆ ಫೋನು ಮಾಡಿ, ವ್ಯಾನನ್ನು ಶಾಹಿದನ ಕೈಗೆ ಕೊಡು, ಇಲ್ಲವಾದರೆ ನಮ್ಮ ಹುಡುಗರನ್ನು ಕಳಿಸುವುದಿಲ್ಲ ಎಂದರು. ಒಬ್ಬನಾದರೂ ಜಹೀರಾಳನ್ನು ಕರೆದು ಮಾತಾಡಿಸಲಿಲ್ಲ. ಹಾರೂನ್, “ರವಿವಾರ ಬಂದು ನೋಡ್ತೀನಿ, ಅಲ್ಲೀತನಕ ಸಾವಕಾಶ ಓಡ್ಸು” ಎಂದನಂತೆ. ದೊಡ್ಡ ಉಪಕಾರ.

ರವಿವಾರದ ತನಕ ಬ್ರೇಕು ಕಾಯಲಿಲ್ಲ. ಊರಾಚೆ ಹಳ್ಳಕ್ಕಿಳಿಯುವ ರಸ್ತೆಯಲ್ಲಿ ಕುರಿಹಿಂಡು ಅಡ್ಡ ಬಂತು. ಜಹೀರಾ ಒತ್ತಿದಳು. ಪೆಡಲು ತಳ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಆಕೆ ಗೇರು ಇಳಿಸಿ, ಮತ್ತೆ ಮತ್ತೆ ತುಳಿದು, ಹ್ಯಾಂಡ್ ಬ್ರೇಕ್ ಜಗ್ಗಿದಳು. ಕೊನೆಯ ಕುರಿಯ ಉಣ್ಣೆ ಬಂಪರಿಗೆ ತಾಗುವಷ್ಟರಲ್ಲಿ ವ್ಯಾನು ನಿಂತಿತು. ಹಿಂದೆ ಹುಡುಗರು ಆಟವೆಂದು ತಿಳಿದು ನಗುತ್ತಿದ್ದರು. ನನಗೆ ಅಳು ಬಂತು.

ಜಹೀರಾ ಅಳಲಿಲ್ಲ. ಎಲ್ಲರನ್ನೂ ಇಳಿಸಿ ನನ್ನ ಜೊತೆ ನಡೆಸಿದಳು. ತಾನು ಖಾಲಿ ವ್ಯಾನನ್ನು ಫಸ್ಟ್ ಗೇರಿನಲ್ಲಿ ಗ್ಯಾರೇಜಿಗೆ ತಂದು ನಿಲ್ಲಿಸಿದಳು. ನಾವು ತಲುಪಿದಾಗ ಬೆಂಚಿನ ಮಂದಿ ಎದ್ದು ನಿಂತಿದ್ದರು.

“ಕಾಕಾ, ಒಳಗ ಕೂಡ್ರಿ. ಒಮ್ಮೆ ಒತ್ತಿ ಹಿಡೀರಿ. ಕಾಲ ಎತ್ತಬ್ಯಾಡ್ರಿ.”

ಮೇಸ್ತ್ರಿ ಕೂತ. ಧಪಧಪ. “ಕಲ್ಲ ಇದ್ದಂಗ ಐತಲ್ಲವ್ವಾ.”

“ಹಂಗಾದ್ರ ನಿಮ್ಮ ಶೈಲಾನ್ನ ಬಾಜೂಕ ಕೂಡಿಸ್ಕೊಂಡು ನೀವ ಹಳ್ಳಕ್ಕ ಇಳಸ್ರಿ. ಬ್ರೇಕ್ ಮಾತ್ರ ಒಮ್ಮೆನ ಒತ್ತಬೇಕು. ಆಕೀನ್ನ ದಿನಾ ನಾನು ಇಳಸಾಕತ್ತೀನಿ. ಇವತ್ತ ನೀವು ಇಳಸ್ರಿ.”

ನನ್ನ ಕೈ ಹಿಡಿದು ನಿಂತಿದ್ದ ಮೊಮ್ಮಗಳನ್ನು ಲಕ್ಷ್ಮಪ್ಪ ನೋಡಿದ. ಪೆಡಲಿನ ಮೇಲೆ ಕಾಲಿಟ್ಟು ಒಮ್ಮೆ ಒತ್ತಿ ಹಿಡಿದ. ನಾವೆಲ್ಲ ಅವನ ಚಪ್ಪಲಿಯನ್ನೇ ನೋಡುತ್ತಿದ್ದೆವು. ಅದು ಇಳಿಯಿತು. ನಿಧಾನವಾಗಿ, ತಳ ಮುಟ್ಟುವವರೆಗೂ ಇಳಿಯಿತು.

ಅವನು ಮಾಸ್ಟರ್ ಸಿಲಿಂಡರ್ ಬಿಚ್ಚಿದ. ಪೆಡಲು ಒತ್ತಿದಾಗ ಆಯಿಲನ್ನು ಗಾಲಿಗಳ ಕಡೆ ತಳ್ಳುವ ಕೊಳವೆ ಅದು. ಒಳಗಿನ ರಬ್ಬರ್ ವಾಷರಿನ ಅಂಚು ಸವೆದು ಹರಿದಿತ್ತು. ಒತ್ತಿ ಹಿಡಿದರೆ ಆಯಿಲ್ ಆ ಸಂದಿನಲ್ಲಿ ಒಳಗೊಳಗೇ ಹಿಂದಕ್ಕೆ ಜಾರುತ್ತಿತ್ತು, ಹೊರಗೆ ಒಂದು ಹನಿ ಕಾಣುತ್ತಿರಲಿಲ್ಲ. ಧಪಧಪ ತುಳಿದರೆ ಜಾರಲು ಪುರಸೊತ್ತೇ ಸಿಗುತ್ತಿರಲಿಲ್ಲ. ಇಷ್ಟೇ. ಇಷ್ಟಕ್ಕೆ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದರು.

ಶಾಹಿದ ಹುಬ್ಬಳ್ಳಿಗೆ ಬೈಕಿನಲ್ಲಿ ಹೋಗಿ ಹೊಸ ವಾಷರುಗಳನ್ನು ತಂದ. ಜೋಡಿಸಿದ ಮೇಲೆ ಪೈಪುಗಳಲ್ಲಿ ಸೇರಿದ ಗಾಳಿ ತೆಗೆಯಬೇಕು. ಒಬ್ಬರು ಗಾಲಿಯ ಹತ್ತಿರ ನಟ್ಟು ಸಡಿಲಿಸಬೇಕು, ಇನ್ನೊಬ್ಬರು ಮೇಲೆ ಕೂತು ಪೆಡಲು ಒತ್ತಬೇಕು. ಮೇಸ್ತ್ರಿ ಕೆಳಗಿನಿಂದ ಶಾಹಿದನನ್ನು ಕೂಗುವಷ್ಟರಲ್ಲಿ ಜಹೀರಾ ಸೀಟಿನಲ್ಲಿದ್ದಳು. “ಒತ್ತು, ಹಿಡಿ, ಬಿಡು” ಎಂದು ಅವನು ಒಂದೊಂದೇ ಗಾಲಿಗೆ ಸರಿದ. ಜೋರಿಲ್ಲದ ಆ ಕಾಲು ನಾಲ್ಕೂ ಗಾಲಿ ಮುಗಿಯುವ ತನಕ ಒತ್ತಿತು.

ಇಷ್ಟೆಲ್ಲ ಆದ ಮೇಲೆ ಲಕ್ಷ್ಮಪ್ಪ ಏನು ಮಾಡಿದ ಗೊತ್ತೇ? ಕೈ ಒರೆಸಿಕೊಂಡು, ಸೀಟಿನಿಂದ ಇಳಿದು ನಿಂತಿದ್ದ ಜಹೀರಾಳ ಎದುರಿಗೇ ಚಾವಿಯನ್ನು ಶಾಹಿದನ ಕಡೆ ಚಾಚಿದ. “ಒಂದ ರೌಂಡ್ ಹೊಡದು ನೋಡಪಾ, ಹೆಂಗೈತಿ ಹೇಳು.”

ನನ್ನ ಬಾಯಿಗೆ ಬಂದದ್ದನ್ನು ಟೀಚರು ಹೇಳಬಾರದು. ಜಹೀರಾ ಮಾತ್ರ ಮೆಲ್ಲಗೆ ಕೈ ನೀಡಿದಳು.

“ಚಾವಿ ಇಲ್ಲಿ ಕೊಡ್ರಿ ಕಾಕಾ. ಕೆಟ್ಟಿದ್ದು ತಿಳದದ್ದು ಈ ಕಾಲಿಗೆ. ಸುದ್ದ ಆಗಿದ್ದೂ ಇದಕ್ಕ ತಿಳೀಬೇಕು.”

ಶಾಹಿದ ಹಿಂದೆ ಸರಿದ. ಮೇಸ್ತ್ರಿ ಚಾವಿ ಕೊಟ್ಟು, ತಾನೂ ಬಂದು ಹಿಂದಿನ ಸೀಟಿನಲ್ಲಿ ಕೂತ. ಹಳ್ಳದ ಇಳಿಜಾರಿನಲ್ಲಿ ಆಕೆ ಒಮ್ಮೆ ಒತ್ತಿ ಹಿಡಿದಳು. ವ್ಯಾನು ಅಲ್ಲೇ ನಿಂತಿತು.

“ಹೆಂಗೈತಿ ತಂಗಿ?” ಎಂದ ಲಕ್ಷ್ಮಪ್ಪ.

ಜಹೀರಾ ಕನ್ನಡಿಯಲ್ಲಿ ಅವನನ್ನು ನೋಡಿದಳು. “ಗಟ್ಟಿ ಆಗೇತ್ರಿ. ಇದನ್ನ ಮೊದಲನೇ ದಿನಾನ ಕೇಳಬೇಕಿತ್ತು ನೀವು.”