ಬಾಟಲಿಯ ಹೊರಗಿನ ನೀರು

ಕಳಸದ ತಗಡು ಕೆಲಸದ ತಯ್ಯಬ್‌ನ ತಂಗಿ ಸುಗ್ರಾ ಬೀ ಮೂವತ್ತೆರಡನೇ ಇಸವಿಯ ಆಷಾಢದಲ್ಲಿ ನೀರುಪಾಲಾದಳು. ಸಂಸೆ ದಾರಿಯ ಹೊಳೆಯಲ್ಲಿ ದೋಣಿ ಮಗುಚಿತ್ತು. ಹೆಣವೂ ಸಿಗಲಿಲ್ಲ. ಅಲ್ಲೊಂದು ಸೇತುವೆ ಬೇಕೆಂದು ಬೆಳೆಗಾರರ ಸಹಕಾರ ಸಂಘದವರು ಅರ್ಜಿ ಹಾಕಿದರೆ, ಏಳು ವರ್ಷದ ಮಳೆ ಲೆಕ್ಕ ತನ್ನಿ, ಎತ್ತರ ಎಷ್ಟಿರಬೇಕೆಂದು ನೋಡೋಣ ಎಂದರು ಇಂಜಿನಿಯರು.

ತಯ್ಯಬ್ ಮಳೆ ಅಳೆಯುವ ಒಂಬತ್ತು ರೈನ್‌ಗೇಜು ಮಾಡಿ, ಒಂದನ್ನು ತನ್ನ ಅಂಗಳದಲ್ಲೇ ಇಟ್ಟುಕೊಂಡ. ತಗಡಿನ ಡಬ್ಬ, ಮೇಲೆ ಆಲಿಕೆ, ಒಳಗೆ ಬಾಟಲಿ. ಉಳಿದವನ್ನು ಹೊರನಾಡಿನಿಂದ ಗೋಣಿಬೀಡಿನವರೆಗೆ ಎಂಟು ಮನೆಗೆ ಕೊಟ್ಟು, ದಿನಾ ಬೆಳಿಗ್ಗೆ ಬಾಟಲಿಯ ನೀರು ಅಳೆದು ಬರೆಯಿರಿ ಎಂದ. ವಾರಕ್ಕೊಮ್ಮೆ ಅಂಚೆ ಕಾರ್ಡುಗಳು ಬರುತ್ತಿದ್ದವು. ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ, ಪ್ರತಿ ಮಾಡಿ, ಎಂಟೂ ಮನೆಗೆ ಕಳಿಸುತ್ತಿದ್ದ. ಚಳಿಜ್ವರದಲ್ಲಿ ನಡುಗುತ್ತಿದ್ದರೂ ತಪ್ಪಿಸಲಿಲ್ಲ.

ಏಳನೇ ವರ್ಷ ಮುಗಿಯಿತು. ಸಂಘದ ಕಾರ್ಯದರ್ಶಿ ಏಕಾಂತಪ್ಪ ಹಾಳೆಗಳನ್ನು ಬೆಂಗಳೂರಿಗೆ ಒಯ್ಯಬೇಕಿತ್ತು. ಅದರ ಹಿಂದಿನ ವಾರ ಲೆಕ್ಕ ಕೂಡುತ್ತಾ ಕೂತ ತಯ್ಯಬ್‌ನ ಬೆರಳು ನಿಂತಿತು. ಸಂಸೆಯ ಭಾರಿ ಮಳೆಯ ದಿನಗಳೆಲ್ಲ ಆರು ಇಂಚು. ಒಂದು ಸೆಂಟೂ, ಇಂಚಿನ ನೂರನೇ ಒಂದು ಪಾಲೂ, ಆಚೀಚೆ ಇಲ್ಲ. ಬಾಟಲಿ ಹಿಡಿಯುವುದೇ ಆರು ಇಂಚು.

ಆಗಲೇ ಎದ್ದು ಸಂಸೆಗೆ ನಡೆದ. ಅಲ್ಲಿ ಅಳೆಯುತ್ತಿದ್ದವನು ಮುದುಕ ಚೌಡಯ್ಯ.

"ಬಾಟಲಿ ತುಂಬಿ ಡಬ್ಬಕ್ಕೆ ಇಳಿದ ನೀರನ್ನ ಏನು ಮಾಡ್ತೀರಿ, ಚೌಡಯ್ಯನವ್ರೆ?"

"ಚೆಲ್ಲಿ ಹೋದ ನೀರು ತಾನೆ ಸಾಬ್ರೆ? ಬಾಳೆ ಬುಡಕ್ಕೆ ಹಾಕ್ತೀನಿ. ಬಾಟಲೀದು ಬರೀರಿ ಅಂದವ್ರು ನೀವೇ ಅಲ್ವಾ? ಹೊರನಾಡಮ್ಮನ ಆಣೆಗೂ ಒಂದು ತೊಟ್ಟು ಹೆಚ್ಚಿಗೆ ಬರ್ದಿಲ್ಲ."

ಉಳಿದ ಮನೆಗಳಲ್ಲೂ ಅದೇ. ತಯ್ಯಬ್ ತನ್ನ ಅಂಗಳದಲ್ಲಿ ಹೊರಗಿನ ನೀರನ್ನೂ ಸೇರಿಸಿ ಅಳೆಯುತ್ತಿದ್ದ. ಅದನ್ನು ಬೇರೆ ಹೇಳಬೇಕೆಂದು ಅವನಿಗೆ ತೋಚಿರಲಿಲ್ಲ.

"ಸುಮ್ನಿರು ಮಾರಾಯ," ಎಂದ ಏಕಾಂತಪ್ಪ. "ಇಂಜಿನಿಯರು ಬಂದು ನಿನ್ನ ಬಾಟಲಿ ನೋಡ್ತಾರಾ? ಮೊದಲು ಸೇತುವೆ ಆಗ್ಲಿ."

"ಆರು ಇಂಚಿಗೆ ಕಟ್ಟಿದ್ದರ ಮೇಲೆ ಹತ್ತು ಇಂಚಿನ ಹೊಳೆ ಬಂದ್ರೆ? ದೋಣಿಗೆ ಹತ್ತೋವಾಗ ಜನ ಹೆದರ್ಕೊಂಡಾದ್ರೂ ಹತ್ತುತ್ತಾರೆ. ಸೇತುವೆ ಮೇಲೆ ಮಕ್ಕಳನ್ನ ಕೈಬಿಟ್ಟು ನಡೆಸ್ತಾರೆ."

ತಯ್ಯಬ್ ಹಾಳೆ ಕೊಡಲಿಲ್ಲ. ಸಂಘದವರು ಬೈದರು. ಏಕಾಂತಪ್ಪನೂ ಎರಡು ವರ್ಷ ಮಾತು ಬಿಟ್ಟ. ಮತ್ತೆ ಮೊದಲಿಂದ ಅಳೆಯೋಣ ಎಂದು ತಯ್ಯಬ್ ಮನೆಮನೆಗೆ ಹೋದ. ಕಾರ್ಡುಗಳು ಒಂದೊಂದಾಗಿ ನಿಂತವು. ಯುದ್ಧ ಬಂತು, ಅರ್ಜಿ ಯಾರಿಗೂ ನೆನಪಿರಲಿಲ್ಲ. ಅವನೊಬ್ಬನೇ ಅಳೆಯುತ್ತಿದ್ದ.

ನಲವತ್ತಮೂರರ ಮಳೆಗಾಲದಲ್ಲಿ ಅದೇ ಚಳಿಜ್ವರ ಅವನನ್ನು ತೆಗೆದುಕೊಂಡು ಹೋಯಿತು. ಮಣ್ಣು ಮಾಡುವ ದಿನ ಬೆಳಿಗ್ಗೆ ಏಕಾಂತಪ್ಪ ಅಂಗಳದ ಡಬ್ಬ ಬಿಚ್ಚಿದ. ಬಾಟಲಿಯದನ್ನೂ ಹೊರಗಿನದನ್ನೂ ಅಳೆದ. ಒಂಬತ್ತು ಇಂಚು ನಲವತ್ತು ಸೆಂಟು. ಬರೆದ ಮೇಲೆ ಯಾರಿಗೆ ಕಳಿಸಬೇಕೆಂದು ತಿಳಿಯಲಿಲ್ಲ.

ಸಂಸೆಯಿಂದ ಚೌಡಯ್ಯ ಮಣ್ಣಿಗೆ ಬರಲಿಲ್ಲ. ಹೊಳೆ ತುಂಬಿತ್ತು, ದೋಣಿ ಬಿಟ್ಟಿರಲಿಲ್ಲ.