ನೆಂಟರಿಗೆ ಕಳಿಸಿದ ನೀರು

ಅಡಿಕೆ ಬೇಯಿಸಿದ ಕೆಂಪು ನೀರಿಗೆ ನಮ್ಮ ಚನ್ನಗಿರಿ ಕಡೆ ಚೊಗರು ಅನ್ನುತ್ತಾರೆ. ಬಟ್ಟೆಗೆ ಬಿದ್ದರೆ ಆ ಬಟ್ಟೆಯ ಆಸೆ ಬಿಡಬೇಕು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು, ಹೋದ ಅಡಿಕೆ ಸುಗ್ಗಿಯಲ್ಲಿ ನಲ್ಲೂರಿನಿಂದ ಒಂದು ಕ್ಯಾನ್ ಚೊಗರು ತಂದು ಅದಕ್ಕೆ ಕಬ್ಬಿಣದ ಲವಣ ಬೆರೆಸಿದೆ. ಕಣ್ಣೆದುರೇ ಶಾಯಿಯ ಹಾಗೆ ಕಪ್ಪಗಾಯಿತು! ಚೊಗರಿನಲ್ಲಿರುವ ಒಗರು ಕಬ್ಬಿಣವನ್ನು ಹಿಡಿದು ನ್ಯಾನೊ ಕಣಗಳನ್ನಾಗಿ ಮಾಡುತ್ತದೆ. ಅವು ನಮ್ಮ ಕಾಲೇಜಿನ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕವು. ಅಡಿಕೆ ಸಿಪ್ಪೆಯ ಇದ್ದಿಲಿಗೆ ಅವನ್ನು ಅಂಟಿಸಿ ಒಣಗಿಸಿದರೆ ಕರಿ ಪುಡಿ ಸಿಗುತ್ತದೆ. ಆ ಪುಡಿ ನೀರಿನಲ್ಲಿರುವ ಫ್ಲೋರೈಡನ್ನು ಹೀರಿಕೊಳ್ಳಬೇಕು.

ಹೀರಲೇಬೇಕು ಅಂತ ನನಗೆ ಹಟ. ಅಕ್ಕನನ್ನು ಕೊಟ್ಟಿರುವುದು ಜಗಳೂರು ಕಡೆ ಒಂದು ಹಳ್ಳಿಗೆ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಅದನ್ನೇ ಕುಡಿದು ಬೆಳೆದ ಅಕ್ಕನ ಮಗಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡಿವೆ. ಅವಳು ನಕ್ಕರೆ ಅಂಗೈ ಬಾಯಿಗೆ ಹೋಗುತ್ತದೆ. ಅವಳ ತಮ್ಮ ಇನ್ನೂ ತೊದಲು ಮಾತಿನವನು. ಹಾಲುಹಲ್ಲು ಬಿದ್ದ ಮೇಲೆ ಬರುವ ಅವನ ಹಲ್ಲುಗಳು ಒಸಡಿನ ಒಳಗೆ ಈಗ ತಯಾರಾಗುತ್ತಿವೆ; ಫ್ಲೋರೈಡ್ ಗೆರೆ ಎಳೆಯುವುದೂ ಈಗಲೇ. ಶುದ್ಧ ನೀರಿನ ಘಟಕವೇನೋ ಊರಲ್ಲಿದೆ, ಆದರೆ ಅದು ಕೆಟ್ಟಾಗಲೆಲ್ಲ ಬೋರ್‌ವೆಲ್ ನೀರೇ ಗತಿ.

ಅಕ್ಕನಿಗೆ ಫೋನ್ ಮಾಡಿ, ನಿಮ್ಮ ನೀರು ಒಂದು ಬಾಟಲಿ ಕಳಿಸು ಅಂದೆ. ಭಾವ ತಂದುಕೊಟ್ಟರು. ಪುಡಿ ಹಾಕಿ, ಅಲ್ಲಾಡಿಸಿ, ಸೋಸಿ, ಪರೀಕ್ಷೆಯ ದ್ರಾವಣ ಬಿಟ್ಟೆ. ಫ್ಲೋರೈಡ್ ಇದ್ದರೆ ಹಳದಿ, ಇಲ್ಲದಿದ್ದರೆ ಗುಲಾಬಿ. ಗುಲಾಬಿ! ಲ್ಯಾಬಿನಲ್ಲೇ ಕುಣಿದೆ. ಸ್ಟಾಫ್ ರೂಮಿಗೆಲ್ಲ ಜಾಮೂನು ಹಂಚಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಜಾಮೂನು ಖಾಲಿಯಾದ ಮೇಲೆ, ಪುಡಿ ಹಾಕದ ನೀರನ್ನೂ ನೋಡಿದೆ. ಅದೂ ಗುಲಾಬಿ. ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಇದು ಯಾವ ನೀರೇ?"

"ಘಟಕದ್ದು ಕಣೇ. ತಂಗಿ ಮನೀಗೆ ಯಾರಾದ್ರೂ ಸವಳು ನೀರು ಕಳಿಸ್ತಾರೇನೇ? ಜನ ಕೇಳಿದ್ರೆ ನಗಾಕಿಲ್ವಾ? ಬಾಟ್ಲಿ ಕೂಡ ಹುಣಸೆಹಣ್ಣು ಹಾಕಿ ತಿಕ್ಕೀನಿ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನೆಂಟರಿಗೆ ಒಳ್ಳೆಯ ನೀರು, ಮನೆಯ ಮಕ್ಕಳಿಗೆ ಸಿಕ್ಕಿದ್ದು! ಸಿಟ್ಟೂ ಬಂತು, ಅಕ್ಕನ ಮೇಲೆ ಪ್ರೀತಿಯೂ ಉಕ್ಕಿತು.

ಭಾನುವಾರ ಪುಡಿ, ಸೋಸುವ ಕಾಗದ, ದ್ರಾವಣದ ಶೀಶೆ ಎಲ್ಲ ಬ್ಯಾಗಿಗೆ ತುಂಬಿ ದಾವಣಗೆರೆ ಮೇಲೆ ಬಸ್ಸು ಹಿಡಿದೆ. ಅಕ್ಕ ಕೊಟ್ಟ ಮಂಡಕ್ಕಿಯನ್ನೂ ಮುಟ್ಟದೆ ಬೋರ್‌ವೆಲ್ ಹತ್ತಿರ ಹೋಗಿ ಕೊಡ ಹಿಡಿದೆ. ಈ ಸಲ ಮೊದಲು ಬರೀ ನೀರು. ಹಳದಿ. ಹಳದಿ ಕಂಡು ಇಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ಆಮೇಲೆ ಪುಡಿ ಹಾಕಿದ ನೀರನ್ನು ಪಡಸಾಲೆಯಲ್ಲಿ ಸೋಸಲು ಇಟ್ಟೆ. ತೊಟ್ಟು ತೊಟ್ಟಾಗಿ ಇಳಿಯಿತು. ಅದಕ್ಕೆ ದ್ರಾವಣ ಬಿಟ್ಟೆ.

ಗುಲಾಬಿ. ನಿಜವಾದ ಗುಲಾಬಿ!

ನಾನು ಕಿರುಚಿದ ರಭಸಕ್ಕೆ ಅಕ್ಕನ ಮಗಳು ಗಹಗಹಿಸಿ ನಕ್ಕಳು. ಅಂಗೈ ಮೇಲೇಳುವುದನ್ನೇ ಮರೆತಿತ್ತು. ಆಮೇಲೆ ಕೇಳಿದಳು, "ಚಿಕ್ಕಮ್ಮ, ಇದನ್ನ ಕುಡಿದ್ರೆ ನನ್ನ ಹಲ್ಲು ಬೆಳ್ಳಗಾಗ್ತಾವಾ?"

ಶೀಶೆ ಕೆಳಗಿಟ್ಟೆ. "ಇಲ್ಲ ಕಣವ್ವ. ಮೂಡಿದ ಗೆರೆ ಹೋಗಾಕಿಲ್ಲ. ನಿನ್ನ ತಮ್ಮಂಗೆ ಮೂಡದಂಗೆ ಮಾಡಬೋದು."

ಅವಳು ಒಳಗಿನಿಂದ ತಮ್ಮನ ಲೋಟ ತಂದು, ಸೋಸಿ ಉಳಿದಿದ್ದ ನೀರಿಗೆ ಕೈಹಾಕಿದಳು. ನಾನು ಓಡಿಹೋಗಿ ಅವಳ ಕೈ ಹಿಡಿದುಕೊಂಡೆ.

"ತಡಿ, ಈಗಲೇ ಬ್ಯಾಡ. ಪುಡಿಯಿಂದ ನೀರಿಗೆ ಬೇರೆ ಏನಾದ್ರೂ ಬಿಟ್ಟೈತಾ ಅಂತ ದೊಡ್ಡ ಲ್ಯಾಬಿನಾಗೆ ನೋಡಬೇಕು. ಅದಕ್ಕೆ ಟೈಮ್ ಹಿಡೀತೈತೆ."

ಜನ್ಮದಲ್ಲಿ ಮೊದಲ ಸಲ ನಾನು ಇನ್ನೊಬ್ಬರಿಗೆ ತಡಿ ಅಂದಿದ್ದೆ. ಅವಳು ಖಾಲಿ ಲೋಟವನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡಿದಳು.

"ಲಗೂನ ನೋಡ್ಸು ಚಿಕ್ಕಮ್ಮ. ಅವಂಗೆ ದಿನಾ ಬಾಯಾರ್ತೈತೆ."