ಅಳಿಸಿಹೋದ ಹೊಗೆ

ಮ್ಯೂಸಿಯಂನಲ್ಲಿ ಎಲ್ಲರೂ ಆಕೆಯನ್ನು ಹತ್ತಿ ಅಕ್ಕ ಎನ್ನುತ್ತಿದ್ದರು. ಹಳೆಯ ಕಾಗದ, ಚಿತ್ರಗಳ ಕೊಳೆ ತೆಗೆಯುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಕೈಯಲ್ಲಿ ಹತ್ತಿಯುಂಡೆ ಇಲ್ಲದೆ ಆಕೆಯನ್ನು ಕಂಡವರಿಲ್ಲ. ಒಂದೆರಡು ವರ್ಷದಿಂದ ಕಣ್ಣು ಮಂಜಾಗುತ್ತಿತ್ತು. ಹೇಳಿದರೆ ಎಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರಿಸಿಬಿಡುತ್ತಾರೋ ಎಂದು ಯಾರ ಮುಂದೆಯೂ ತುಟಿ ಬಿಚ್ಚಿರಲಿಲ್ಲ.

ಪ್ರದರ್ಶನಕ್ಕೆ ಎರಡು ದಿನವಿದ್ದಾಗ ನೂರು ವರ್ಷ ಹಳೆಯ ಪೆನ್ಸಿಲ್ ಚಿತ್ರವೊಂದು ಮೇಜಿಗೆ ಬಂತು. ಗುಡ್ಡ, ಎಲೆಯುದುರಿದ ಮೂರು ಮರ, ತಗ್ಗಿನಲ್ಲಿ ಒಂದು ಪುಟ್ಟ ಮನೆ. ಛಾವಣಿಯ ಮೇಲೆ ಬೂದುಬಣ್ಣದ ಕಲೆ. ತೇವ ತಾಗಿರಬೇಕು ಎಂದುಕೊಂಡು ರಬ್ಬರ್ ಪುಡಿ ಉದುರಿಸಿ ಮೆಲ್ಲಗೆ ಉಜ್ಜಿದಳು. ಆಕಾಶ ಸ್ವಚ್ಛವಾಯಿತು. ಮೇಲಧಿಕಾರಿ ಭೇಷ್ ಎಂದರು.

ಪ್ರದರ್ಶನ ಶುರುವಾಗಿ ವಾರವಾಗಿತ್ತು. ಕಡತದಲ್ಲಿ ಬೇರೇನೋ ಹುಡುಕುತ್ತಿದ್ದವಳಿಗೆ ಆ ಚಿತ್ರದ ಹಳೆಯ ಫೋಟೋ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅದರಲ್ಲಿ ಗೆರೆಗಳಿನ್ನೂ ಮಾಸಿರಲಿಲ್ಲ. ಛಾವಣಿಯಿಂದ ಒಲೆಯ ಹೊಗೆ ಸಣ್ಣಗೆ ಎದ್ದು ಮರಗಳ ಕಡೆಗೆ ಬಾಗಿತ್ತು. ತಾನು ಉಜ್ಜಿ ತೆಗೆದದ್ದು ಕಲೆಯನ್ನಲ್ಲ, ಈ ಹೊಗೆಯನ್ನು.

ಫೋಟೋ ಹಿಡಿದು ಪ್ರದರ್ಶನದ ಹಾಲಿಗೆ ಓಡಿದಳು. ಅಲ್ಲಿ ಗೈಡ್ ಜನರಿಗೆ ವಿವರಿಸುತ್ತಿದ್ದ. "ನೋಡಿ, ಒಲೆ ಆರಿದೆ. ಈ ಮನೇಲಿ ಯಾರೂ ಉಳಿದಿಲ್ಲ. ಮರಗಳೂ ಅದಕ್ಕೇ ಬೋಳಾಗಿ ನಿಂತಿವೆ." ಮುದುಕಿಯೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹತ್ತಿ ಅಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಎಲೆಯುದುರುವ ಚಳಿಯಲ್ಲೂ ಬೆಚ್ಚಗಿದ್ದ ಮನೆಯನ್ನು ತಾನೇ ಖಾಲಿ ಮಾಡಿಸಿದ್ದಳು.

ಫೋಟೋ ನೋಡಿದ ಮೇಲಧಿಕಾರಿ ತಲೆಗೆ ಕೈಯಿಟ್ಟರು. "ಕಲೆ ತೆಗೆಯೋಕೆ ಹೋಗಿ ಕಲೆನೇ ತೆಗೆದ್ರಲ್ಲಮ್ಮ! ಲೆನ್ಸ್ ಇಟ್ಟು ನೋಡ್ಲಿಲ್ವಾ?"

"ನೋಡ್ದೆ ಸಾರ್. ನನ್ನ ಕಣ್ಣೇ ಸರಿ ಇಲ್ಲ. ಎರಡು ವರ್ಷದಿಂದ ಮುಚ್ಚಿಟ್ಟಿದ್ದೆ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೀವೇ ಪೆನ್ಸಿಲ್‌ನಲ್ಲಿ ಎರಡು ಗೆರೆ ಎಳೆದುಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಬೇಡ ಸಾರ್. ಒಂದು ಸಲ ಕೆಡಿಸಿದ್ದೇ ಸಾಕು. ಆ ಅಜ್ಜಿ ಅತ್ತುಬಿಟ್ರು."

ಮರುದಿನ ಚಿತ್ರದ ಪಕ್ಕದಲ್ಲೇ ಫೋಟೋ ತೂಗುಹಾಕಿದರು. ಶುಚಿಗೊಳಿಸುವಾಗ ಹೊಗೆ ಅಳಿಸಿಹೋಗಿದೆ ಎಂದು ಚೀಟಿಯಲ್ಲಿ ಬರೆದರು. ಓದಿದ ಗೈಡ್ ತಲೆ ಕೆರೆದುಕೊಂಡ. "ಇಲ್ಲದ ಸೂತಕ ಮಾಡ್ಬಿಟ್ನಲ್ಲಕ್ಕ ನಾನು!" ಹತ್ತಿ ಅಕ್ಕ ನಗಲಿಲ್ಲ.

ಕಣ್ಣಿನ ಆಪರೇಷನ್ ಆಗಿ ಮೂರು ತಿಂಗಳಿಗೆ ಆಕೆ ಮತ್ತೆ ಕೆಲಸಕ್ಕೆ ಬಂದಳು. ಈಗ ಕೂದಲೆಳೆಯಂಥ ಗೆರೆಯೂ ಕಾಣುತ್ತದೆ. ಆದರೂ ಊಟಕ್ಕೆ ಹೋಗುವಾಗ ಆ ಹಾಲನ್ನು ದಾಟುವುದಿಲ್ಲ. ಹಿಂದಿನ ಮೆಟ್ಟಿಲಿಳಿದು ಸುತ್ತಿಕೊಂಡೇ ಹೋಗುತ್ತಾಳೆ.